ಓಷನ್ ಅವೆನ್ಯೂ 112: ದೆವ್ವ ಬರೋದಕ್ಕೂ ಮುಂಚೆ

ಕರಾಳ ಗುಟ್ಟಿರುವ ಒಂದು ಮನೆ, ಅಲ್ಲಿಗೋ ಅದರ ಪಕ್ಕಕ್ಕೋ ಹೊಸದಾಗಿ ಬರುವ ಸಂಸಾರ, ರಾತ್ರಿ ಕಿರ್ರೆನ್ನುವ ಬಾಗಿಲು... ಹಾಲಿವುಡ್‌ನವರು ಈ ಕತೆಯನ್ನು ಎಷ್ಟು ಸಲ ಅರೆದಿದ್ದಾರೋ ಲೆಕ್ಕವಿಲ್ಲ. ಅದರಲ್ಲಿ ತುಂಬಾ ಹೆಸರು ಮಾಡಿದ್ದು 1979ರ 'ದಿ ಅಮಿಟಿವಿಲ್ ಹಾರರ್'. ಸಿನೆಮಾ ನನಗೆ ಅಷ್ಟೇನೂ ಹಿಡಿಸಲಿಲ್ಲ (ನೊಣಗಳ ಸೀನ್ ಒಂದು ಬಿಟ್ಟರೆ). ಆದರೆ ಅದರ ಹಿಂದಿನ ಚರಿತ್ರೆ ಓದಿದ ಮೇಲೆ ನಿದ್ದೆ ಕೆಟ್ಟಿದ್ದು ನಿಜ. ದೆವ್ವದ ಭಯಕ್ಕಲ್ಲ.

ಅಮಿಟಿವಿಲ್ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿರುವ ಸಣ್ಣ ಊರು. ಅಲ್ಲಿನ ಓಷನ್ ಅವೆನ್ಯೂ 112ನೇ ನಂಬರಿನ ಮನೆಯಲ್ಲಿ 1974ರ ನವೆಂಬರ್ 13ರ ಬೆಳಗಿನ ಜಾವ 23 ವರ್ಷದ ರೊನಾಲ್ಡ್ ಡಿಫಿಯೋ ಜೂನಿಯರ್ ತನ್ನ ಅಪ್ಪ, ಅಮ್ಮ, ಇಬ್ಬರು ತಂಗಿಯರು, ಇಬ್ಬರು ತಮ್ಮಂದಿರನ್ನು ರೈಫಲ್‌ನಿಂದ ಕೊಂದ. ಎಲ್ಲರೂ ಅವರವರ ಹಾಸಿಗೆಯಲ್ಲೇ. ಡಾನ್‌ಗೆ 18, ಆಲಿಸನ್‌ಗೆ 13, ಮಾರ್ಕ್‌ಗೆ 12, ಕೊನೆಯವನು ಜಾನ್‌ಗೆ 9. ಅಕ್ಕಪಕ್ಕದವರಿಗೆ ನಾಯಿ ಬೊಗಳಿದ್ದು ಕೇಳಿತ್ತಂತೆ, ಗುಂಡಿನ ಸದ್ದು ಕೇಳಿರಲಿಲ್ಲವಂತೆ! ಒಂದು ವರ್ಷದ ಮೇಲೆ ಶಿಕ್ಷೆಯಾಯಿತು. 2021ರಲ್ಲಿ ಸಾಯುವವರೆಗೂ ಅವನು ಹೊರಗೆ ಬರಲಿಲ್ಲ.

ಶಿಕ್ಷೆಯಾದ ತಿಂಗಳಲ್ಲೇ, ಅಂದ್ರೆ 1975ರ ಡಿಸೆಂಬರ್‌ನಲ್ಲಿ, ಜಾರ್ಜ್ ಮತ್ತು ಕ್ಯಾಥಿ ಲಟ್ಜ್ ದಂಪತಿಗಳು ಮೂರು ಮಕ್ಕಳ ಜೊತೆ ಆ ಮನೆಗೆ ಬಂದರು. ಬೆಲೆ 80,000 ಡಾಲರ್. ಕೊಲೆಯ ವಿಷಯ ಗೊತ್ತಿದ್ದೇ ಕೊಂಡರು. 28 ದಿನಕ್ಕೆ ಗಂಟುಮೂಟೆ ಬಿಟ್ಟು ಓಡಿದರು. 1977ರಲ್ಲಿ ಜೇ ಆನ್ಸನ್‌ರ ಪುಸ್ತಕ ಬಂತು, 'ನಿಜಕತೆ' ಅನ್ನುವ ಹಣೆಪಟ್ಟಿಯೊಂದಿಗೆ. ಆಮೇಲೆ ಸಿನೆಮಾ. ಊರವರು ಶೂಟಿಂಗಿಗೆ ಒಪ್ಪದ್ದರಿಂದ ನ್ಯೂಜೆರ್ಸಿಯ ಟಾಮ್ಸ್ ರಿವರ್‌ನಲ್ಲಿ ಬೇರೊಂದು ಮನೆಗೆ ವೇಷ ಹಾಕಿಸಿದರು. ಅಮೇರಿಕದಲ್ಲೇ 8 ಕೋಟಿ ಡಾಲರ್‌ಗೂ ಮೀರಿ ಗಳಿಕೆ.

ಅದೇ 1979ರಲ್ಲಿ ಡಿಫಿಯೋನ ವಕೀಲ ವಿಲಿಯಂ ವೆಬರ್, ವೈನ್ ಕುಡಿಯುತ್ತಾ ಲಟ್ಜ್ ದಂಪತಿಗಳೂ ತಾನೂ ಸೇರಿ ಕಟ್ಟಿದ ಕತೆ ಇದು ಅಂತ ಬಾಯಿಬಿಟ್ಟ. ಕೋರ್ಟಿನಲ್ಲಿ ನ್ಯಾಯಾಧೀಶರಿಗೂ ಪುಸ್ತಕದ ಬಹುಪಾಲು ಕಲ್ಪನೆ ಅನ್ನಿಸಿತು. ಲಟ್ಜ್ ದಂಪತಿಗಳು ಮಾತ್ರ ಕೊನೆತನಕ ಒಪ್ಪಲಿಲ್ಲ. ಇರ್ಲಿ ಬಿಡಿ, ಆ ವಾದ ನನಗೆ ಮುಖ್ಯ ಅಲ್ಲ.

ನನಗೆ ಕುತೂಹಲ ಆಮೇಲೆ ಅಲ್ಲಿ ಬಾಳಿದವರ ಬಗ್ಗೆ. 1977ರಲ್ಲಿ ಆ ಮನೆ ಕೊಂಡವರು ಹತ್ತು ವರ್ಷ ಇದ್ದರು. ದೆವ್ವ ಬರಲಿಲ್ಲ, ಬಂದಿದ್ದು ಜನ! ಹೊತ್ತಲ್ಲದ ಹೊತ್ತಲ್ಲಿ ಕಾರು ನಿಲ್ಲಿಸಿ ಇಣುಕುವವರು. ನೆಮ್ಮದಿ ಹೋಗಿದ್ದು ಇಡೀ ಬೀದಿಗೆ. ಕೊನೆಗೆ ಕಣ್ಣಿನಂತಿದ್ದ ಆ ಅರೆಚಂದ್ರ ಕಿಟಕಿಗಳನ್ನು ಬದಲಾಯಿಸಿ, ಮನೆ ನಂಬರನ್ನೂ 108 ಮಾಡಿದರು. ನೋಡಲು ಬಂದವರಲ್ಲಿ ಒಂಬತ್ತು ವರ್ಷದ ಜಾನ್‌ನ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ.

ನಮ್ಮ ಜನ ಇಲ್ಲಿ ಮನೆ ನೋಡೋಕೆ ಹೋದರೆ ಬಾಗಿಲು ಪೂರ್ವಕ್ಕಿದೆಯಾ ಅಂತ ಮೊದಲು ಕೇಳ್ತಾರೆ. ಒಳಗೆ ಏನಾಗಿತ್ತು ಅಂತ ಕೇಳುವವರು ಕಮ್ಮಿ. ಇದೇ ನ್ಯೂಯಾರ್ಕ್ ರಾಜ್ಯದ ನಯಾಕ್ ಎಂಬ ಊರಲ್ಲಿ ಒಬ್ಬಾಕೆ ತನ್ನ ಮನೆಯಲ್ಲಿ ದೆವ್ವಗಳಿವೆ ಅಂತ 'ರೀಡರ್ಸ್ ಡೈಜೆಸ್ಟ್'ನಲ್ಲಿ ಬರೆದಿದ್ದಳು. ಆಮೇಲೆ ಅದನ್ನು ಹೇಳದೆ ಮನೆ ಮಾರಲು ಹೊರಟಳು. 1991ರಲ್ಲಿ ಮೇಲ್ಮನವಿ ಕೋರ್ಟು, ಕಾನೂನಿನ ಮಟ್ಟಿಗೆ ಈ ಮನೆಯಲ್ಲಿ ದೆವ್ವ ಇದೆ ಎಂದು ಹೇಳಿ, ಕೊಳ್ಳುವವನಿಗೆ ವ್ಯವಹಾರ ಮುರಿಯಲು ಅವಕಾಶ ಕೊಟ್ಟಿತು. ತಮಾಷೆಯಲ್ಲ, ನಿಜವಾದ ತೀರ್ಪು!

ಕೊಲೆಯ ವಿಷಯ ಬೇರೆ. ಮನೆಯೊಳಗೆ ಕೊಲೆ ನಡೆದಿದ್ದರೂ ಅದನ್ನು ತಾನಾಗಿ ಹೇಳಬೇಕಾದ ಜವಾಬ್ದಾರಿ ನ್ಯೂಯಾರ್ಕಿನ ಕಾನೂನಿನಲ್ಲಿ ಮಾರುವವನಿಗಿಲ್ಲ. ಕೊಳ್ಳುವವರು ಬರೆದು ಕೇಳಬಹುದು. ಉತ್ತರ ಕೊಡೋದು ಬಿಡೋದು ಮಾರುವವನ ಇಷ್ಟ.