ಅಡಿಕೆ ಧಾರಣೆ ಮತ್ತು ಜಿನೀವಾದ ಕಾನೂನು

ಸೂಳೆಕೆರೆಯ ಆಸುಪಾಸಿನ ಚನ್ನಗಿರಿ ಸೀಮೆಯಲ್ಲಿ ಭತ್ತದ ಗದ್ದೆಗಳ ಪಕ್ಕದಲ್ಲೇ ಅಡಿಕೆ ತೋಟಗಳು ಹಬ್ಬಿವೆ. ರಾಶಿ ಅಡಿಕೆಯ ಧಾರಣೆ ಇಳಿದಾಗಲೆಲ್ಲ ಇಲ್ಲಿನ ಬೆಳೆಗಾರರು ಆಮದಿನ ಮಾತೆತ್ತುತ್ತಾರೆ. ಆಮದನ್ನು ಎಷ್ಟರ ಮಟ್ಟಿಗೆ ತಡೆಯಬಹುದು ಎಂದು ನಿರ್ಧರಿಸುವ ಕಾನೂನು ಜಿನೀವಾದ ವಿಶ್ವ ವ್ಯಾಪಾರ ಸಂಘಟನೆಯಲ್ಲಿದೆ. ಆ ಕಾನೂನು ಬೆಳೆದ ಬಗೆಯನ್ನು ಅಡಿಕೆಯ ಕಡೆಯಿಂದ ನೋಡುವುದು ಅಗತ್ಯ.

ಸುಂಕ ಮತ್ತು ವ್ಯಾಪಾರದ ಕುರಿತ 1947ರ ಸಾಮಾನ್ಯ ಒಪ್ಪಂದಕ್ಕೆ (ಗ್ಯಾಟ್) ಭಾರತ ಮೂಲ ಸದಸ್ಯ ದೇಶ. ಅಂದಿನ ವ್ಯವಸ್ಥೆಯಲ್ಲಿ ತೀರ್ಪಿನ ವರದಿ ಅಂಗೀಕಾರವಾಗಲು ಸೋತ ದೇಶವೂ ಒಪ್ಪಬೇಕಿತ್ತು. ವ್ಯಾಜ್ಯಗಳು ಹೆಚ್ಚಾಗಿ ರಾಜತಾಂತ್ರಿಕ ಮಾತುಕತೆಯಲ್ಲೇ ಮುಗಿಯುತ್ತಿದ್ದವು. ಕಾನೂನು ವಿದ್ವಾಂಸ ಜಾನ್ ಜಾಕ್ಸನ್ 1969ರ ತಮ್ಮ ಗ್ರಂಥದಲ್ಲಿ ಗ್ಯಾಟ್ ಅನ್ನು ಕಾನೂನಾಗಿ ವಿವರಿಸಿದರು. 1975ರಲ್ಲಿ ರಾಬರ್ಟ್ ಹ್ಯೂಡೆಕ್ ಕಾನೂನಿಗೂ ರಾಜತಾಂತ್ರಿಕತೆಗೂ ನಡುವಿನ ಎಳೆದಾಟವನ್ನು ಪರಿಶೀಲಿಸಿದರು. ವ್ಯಾಪಾರ ಕಾನೂನಿನ ಅಧ್ಯಯನಕ್ಕೆ ಬುನಾದಿ ಈ ಎರಡು ಕೃತಿಗಳೇ.

ಹೊಸ ವ್ಯಾಪಾರ ಒಪ್ಪಂದಕ್ಕಾಗಿ ಗ್ಯಾಟ್ ಮಾತುಕತೆಯಲ್ಲಿ ಬಂದ 1991ರ ಡಂಕೆಲ್ ಕರಡು ಈ ಚರ್ಚೆಯನ್ನು ಕರ್ನಾಟಕದ ಹಳ್ಳಿಗಳಿಗೆ ತಂದಿತು. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ಬೀಜದ ಹಕ್ಕನ್ನು ಮುಂದಿಟ್ಟು ಚಳವಳಿ ಕಟ್ಟಿತು. ಕನ್ನಡದಲ್ಲಿ ಪೇಟೆಂಟ್ ಕುರಿತು ಸಾಕಷ್ಟು ಬರೆಯಲಾಯಿತು. ಸುಂಕ ಮತ್ತು ಆಮದು ನಿಯಮಗಳ ಕುರಿತು ಅಷ್ಟು ಬರಲಿಲ್ಲ.

1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆ ಬಂದಮೇಲೆ ಸೋತ ದೇಶದ ತಡೆ ಹಕ್ಕು ಹೋಯಿತು, ಮೇಲ್ಮನವಿ ಮಂಡಳಿ ಬಂತು. ವಿದೇಶಿ ವಿನಿಮಯದ ಕೊರತೆಯನ್ನು ಕಾರಣವಾಗಿಟ್ಟು ಭಾರತ ಉಳಿಸಿಕೊಂಡಿದ್ದ ಆಮದು ನಿರ್ಬಂಧಗಳ ವಿರುದ್ಧ ಅಮೆರಿಕ ದಾವೆ ಹೂಡಿ 1999ರಲ್ಲಿ ಗೆದ್ದಿತು. 2001ರ ಏಪ್ರಿಲ್ 1ರ ಹೊತ್ತಿಗೆ ಆ ನಿರ್ಬಂಧಗಳು ತೆರವಾದವು; ದೇಶೀ ಬೆಳೆಗೆ ಮುಖ್ಯ ಆಸರೆಯಾಗಿ ಉಳಿದದ್ದು ಸುಂಕ.

ಅಡಿಕೆಯ ಮೇಲಿನ ಆಮದು ಸುಂಕ ಶೇ 100. ಕೃಷಿಯ ಕಚ್ಚಾ ಉತ್ಪನ್ನಗಳಿಗೆ ಭಾರತ ಒಪ್ಪಿಕೊಂಡ ಮಿತಿಯೂ ಸಾಮಾನ್ಯವಾಗಿ ಅಷ್ಟೇ. ಇತ್ತ ಶ್ರೀಲಂಕಾ ಜೊತೆ 2000ರಲ್ಲಿ ಜಾರಿಯಾದ ಮುಕ್ತ ವ್ಯಾಪಾರ ಒಪ್ಪಂದ, 2006ರ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದ (ಸಾಫ್ಟಾ) ಮೊದಲಾದವು ಸುಂಕ ರಿಯಾಯಿತಿಯ ದಾರಿ ತೆರೆದವು. ಬೇರೆ ದೇಶದ ಅಡಿಕೆ ಆ ದಾರಿಯಲ್ಲಿ ನುಸುಳುತ್ತಿದೆ ಎಂಬ ದೂರು ಬಂತು. ಆಗ ಸರ್ಕಾರ ನೆಚ್ಚಿದ್ದು, ಅದಕ್ಕಿಂತ ಅಗ್ಗದ ಸರಕನ್ನು ತಡೆಯುವ ಕನಿಷ್ಠ ಆಮದು ಬೆಲೆಯನ್ನು: 2017ರಲ್ಲಿ ಕೆ.ಜಿ.ಗೆ 251 ರೂಪಾಯಿ, 2023ರ ಫೆಬ್ರುವರಿಯಿಂದ 351 ರೂಪಾಯಿ.

ತೊಡಕು ಇರುವುದು ಇಲ್ಲೇ. ವಿಶ್ವ ವ್ಯಾಪಾರ ಸಂಘಟನೆಯ ಕೃಷಿ ಒಪ್ಪಂದದ 4.2ನೇ ವಿಧಿಯ ಅಡಿಟಿಪ್ಪಣಿ, ಸದಸ್ಯ ದೇಶಗಳು ಉಳಿಸಿಕೊಳ್ಳಬಾರದ ಕ್ರಮಗಳ ಸಾಲಿನಲ್ಲಿ ಕನಿಷ್ಠ ಆಮದು ಬೆಲೆಯನ್ನು ಹೆಸರಿಸಿಯೇ ಸೇರಿಸಿದೆ. ಆಮದಿನ ಬೆಲೆ ಇಳಿದಂತೆ ಸುಂಕ ಏರಿಸುವ ವ್ಯವಸ್ಥೆಗಾಗಿ ಚಿಲಿ 2002ರಲ್ಲಿ, ಪೆರು 2015ರಲ್ಲಿ ಇದೇ ವಿಧಿಯಡಿ ಸೋತವು. ಭಾರತದ ಅಡಿಕೆ ಮೇಲೆ ಅಂಥ ವ್ಯಾಜ್ಯ ನಡೆದಿಲ್ಲ. ಹಾಗೆಂದು ಕ್ರಮ ಸಕ್ರಮವಾಗುವುದಿಲ್ಲ.

ವಿದ್ವಾಂಸರ ನೋಟವೂ ಈ ನಡುವೆ ಬದಲಾಗಿದೆ. ಬಿ.ಎಸ್. ಚಿಮ್ನಿ ಅವರಂಥವರು ಮೂರನೇ ಜಗತ್ತಿನ ಕಡೆಯಿಂದ ಈ ಕಾನೂನಿನ ಅಸಮತೆಯನ್ನು ತೋರಿಸಿದರು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಿಂದ ಅಂತರರಾಷ್ಟ್ರೀಯ ಆರ್ಥಿಕ ಕಾನೂನಿಗೇ ಮೀಸಲಾದ ನಿಯತಕಾಲಿಕೆ ಬಂತು. ಆದರೆ ಚರ್ಚೆ ಹೆಚ್ಚಾಗಿ ಅಕ್ಕಿ, ಸಕ್ಕರೆಗಳನ್ನೇ ಸುತ್ತಿತು. ಅಕ್ಕಿಗೆ 2013ರ ಬಾಲಿ ನಿರ್ಣಯದ ಶಾಂತಿ ಷರತ್ತಿನ, ಅಂದರೆ ಸರ್ಕಾರಿ ದಾಸ್ತಾನಿಗೆ ಕೊಡುವ ಬೆಂಬಲದ ವಿರುದ್ಧ ದಾವೆ ಹೂಡಬಾರದೆಂಬ ಒಪ್ಪಿಗೆಯ, ರಕ್ಷಣೆ ಇದೆ. ಸಕ್ಕರೆ ಸಬ್ಸಿಡಿಗಳ ವಿರುದ್ಧ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಹೂಡಿದ ದಾವೆಯಲ್ಲಿ 2021ರ ಡಿಸೆಂಬರ್‌ನಲ್ಲಿ ಭಾರತ ಸೋತು ಮೇಲ್ಮನವಿ ಸಲ್ಲಿಸಿತು. ಹೊಸ ನೇಮಕಗಳನ್ನು ಅಮೆರಿಕ ತಡೆದದ್ದರಿಂದ ಮೇಲ್ಮನವಿ ಮಂಡಳಿ 2019ರ ಡಿಸೆಂಬರ್‌ನಲ್ಲೇ ಸ್ಥಗಿತಗೊಂಡಿತ್ತು.

ಮೇಲ್ಮನವಿಗೆ ಹೋದ ತೀರ್ಪು ಜಾರಿಯಾಗದೆ ನಿಲ್ಲುವ ಈ ಸ್ತಬ್ಧತೆಯನ್ನು ಶಾಶ್ವತ ರಕ್ಷಣೆ ಎಂದು ಅಡಿಕೆ ಬೆಳೆಗಾರರು ನಂಬಬಾರದು. ಕಾನೂನು ಒಪ್ಪುವ ದಾರಿಗಳೂ ಇವೆ. ಸರಕಿನ ಮೂಲ ದೇಶವನ್ನು ಪ್ರಶ್ನಿಸಲು 2020ರ ಕಸ್ಟಮ್ಸ್ ನಿಯಮಗಳು ಅಧಿಕಾರ ಕೊಟ್ಟಿವೆ. ಆಮದು ಹಠಾತ್ತನೆ ಏರಿ ಬೆಳೆಗಾರರಿಗೆ ಗಂಭೀರ ಹಾನಿಯಾದರೆ ಒಪ್ಪಿಕೊಂಡ ಮಿತಿಯನ್ನು ಮೀರಿದ ಸುರಕ್ಷತಾ ಸುಂಕವನ್ನೂ ತಾತ್ಕಾಲಿಕವಾಗಿ ಹಾಕಬಹುದು; ಅದಕ್ಕೆ ಹಾನಿಯ ಪುರಾವೆ ಬೇಕು. ಆರೋಗ್ಯದ ಕಾರಣ ಕೊಟ್ಟು ಆಮದು ತಡೆಯುವುದು ಮಾತ್ರ ಅಪಾಯಕಾರಿ ವಾದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದಿರುವಾಗ ಆ ವಾದ ನಮ್ಮ ತೋಟಗಳ ಮೇಲೂ ತಿರುಗುತ್ತದೆ.

ಹಾನಿಯನ್ನು ಸಾಬೀತುಪಡಿಸಲು ನೆರವಾಗುವ ದಾಖಲೆ ದೂರದಲ್ಲಿಲ್ಲ. ಚನ್ನಗಿರಿಯ ತುಮ್ಕೋಸ್‌ನಂಥ ಸಹಕಾರ ಸಂಘಗಳ ಮತ್ತು ಎಪಿಎಂಸಿಗಳ ವಹಿವಾಟಿನ ಲೆಕ್ಕವನ್ನು ವರ್ಷವರ್ಷವೂ ಆಮದಿನ ಅಂಕಿಗಳ ಜೊತೆ ಇಟ್ಟು ನೋಡುವ ಕಾನೂನು ಅಧ್ಯಯನ ಕನ್ನಡದಲ್ಲೇ ನಡೆಯಬೇಕು. ಹಾಗಾದರೆ ಬೆಳೆಗಾರರ ಬೇಡಿಕೆ ಮನವಿಪತ್ರದಲ್ಲೇ ಉಳಿಯದೆ, ದೆಹಲಿಯಲ್ಲೂ ಜಿನೀವಾದಲ್ಲೂ ನಿಲ್ಲಬಲ್ಲ ವಾದವಾಗುತ್ತದೆ.