ಶ್ರುತಪಂಚಮಿ, ಜ್ಞಾನಪಂಚಮಿ ಮತ್ತು ಓಲೆಗರಿಗಳ ಬೂಷ್ಟು

ಗಿರಿನಗರದ ಚಂದ್ರಗುಹೆಯಲ್ಲಿ ಆಚಾರ್ಯ ಧರಸೇನರಿಂದ ಸಿದ್ಧಾಂತವನ್ನು ಗ್ರಹಿಸಿದ ಪುಷ್ಪದಂತ-ಭೂತಬಲಿ ಮುನಿಗಳು ಷಟ್ಖಂಡಾಗಮವನ್ನು ರಚಿಸಿದರೆಂಬುದೂ, ಅದು ಪುಸ್ತಕಾರೂಢವಾದ ಬಳಿಕ ಜ್ಯೇಷ್ಠ ಶುಕ್ಲ ಪಂಚಮಿಯಂದು ಸಂಘಸಮೇತವಾಗಿ ಪೂಜಿತವಾಯಿತೆಂಬುದೂ ಇಂದ್ರನಂದಿಯ ಶ್ರುತಾವತಾರದಿಂದ ವಿದಿತವಾಗಿದೆ. ದಿಗಂಬರರಿಗೆ ಅದೇ ಶ್ರುತಪಂಚಮಿ. ಶ್ವೇತಾಂಬರರು ಕಾರ್ತಿಕ ಶುಕ್ಲ ಪಂಚಮಿಯನ್ನು ಜ್ಞಾನಪಂಚಮಿಯೆಂದು ಆಚರಿಸುತ್ತಾರೆ. ಗ್ರಂಥಗಳನ್ನು ಹೊರತೆಗೆದು, ಧೂಳೊರೆಸಿ, ವೇಷ್ಟನವನ್ನು ಬದಲಿಸಿ ಪೂಜಿಸುವ ರೂಢಿ ಎರಡು ಪರಂಪರೆಗಳಲ್ಲಿಯೂ ಉಂಟು. ಮೊದಲನೆಯದು ಮಳೆಗಾಲದ ಹೊಸ್ತಿಲಲ್ಲಿ ಬರುತ್ತದೆ; ಎರಡನೆಯದು ಮಳೆ ಹಿಂದೆಗೆದ ಮೇಲೆ. ಈ ತಿಥಿಗಳ ಮೂಲ ಶ್ರುತಭಕ್ತಿಯೇ ಆದರೂ, ಓಲೆಗರಿಗಳನ್ನು ಬೂಷ್ಟಿನಿಂದ ಕಾಪಾಡುವ ಕಾರ್ಯಕ್ಕೆ ಇವೆರಡೂ ಸೇರಿಯೇ ಪೂರ್ಣವಾದ ಕ್ರಮವಾಗುತ್ತವೆಂಬುದು ಗಮನಾರ್ಹ.

ಬೂಷ್ಟು ಜೈನಾಗಮಗಳಿಗೆ ಅಪರಿಚಿತವಾದುದಲ್ಲ. ಕಲ್ಪಸೂತ್ರದ ಸಾಮಾಚಾರಿಯಲ್ಲಿ ವರ್ಷಾವಾಸದ ಯತಿಗಳು ಎಚ್ಚರದಿಂದ ನೋಡಬೇಕಾದ ಎಂಟು ಸೂಕ್ಷ್ಮಗಳಲ್ಲಿ ‘ಪಣಗ’ ಒಂದು. ಅದಕ್ಕೆ ಕಪ್ಪು, ನೀಲಿ, ಕೆಂಪು, ಹಳದಿ, ಬಿಳಿ ಎಂಬ ಐದು ಬಣ್ಣಗಳನ್ನು ಹೇಳಿದೆ. ವಟ್ಟಕೇರರ ಮೂಲಾಚಾರವೂ ಪಣಕವನ್ನು ವನಸ್ಪತಿಕಾಯದಲ್ಲಿ ಎಣಿಸಿದೆ. ಆದುದರಿಂದ ಬೂಷ್ಟು ಹಿಡಿದ ಓಲೆಯೊಂದು ಶ್ರಾವಕನ ಮುಂದೆ ಎರಡು ಧರ್ಮಗಳನ್ನು ತಂದಿಡುತ್ತದೆ: ಒರೆಸಿದರೆ ಜೀವವಿರಾಧನೆ, ಒರೆಸದಿದ್ದರೆ ಶ್ರುತನಾಶ. ಗೃಹಸ್ಥನ ಅಣುವ್ರತ ಸ್ಥಾವರಹಿಂಸೆಯನ್ನು ಸರ್ವಥಾ ನಿಷೇಧಿಸುವುದಿಲ್ಲವಾದ ಕಾರಣ ಶುಚಿಗೊಳಿಸುವುದಕ್ಕೆ ಬಾಧಕವಿಲ್ಲ. ಆದರೆ ಆ ಪ್ರಸಂಗವೇ ಹಿಂದಿನ ಪ್ರಮಾದದ ಫಲ. ಬೂಷ್ಟು ಹುಟ್ಟದಂತೆ ನೋಡಿಕೊಳ್ಳುವುದೊಂದೇ ಎರಡೂ ಧರ್ಮಗಳನ್ನು ಉಳಿಸುವ ಮಾರ್ಗ. ಆದಾನನಿಕ್ಷೇಪಣ ಸಮಿತಿಯಲ್ಲಿ ಜ್ಞಾನೋಪಧಿಯನ್ನು, ಎಂದರೆ ಗ್ರಂಥವನ್ನು, ನೋಡಿ ಎತ್ತಿ ನೋಡಿ ಇಡಬೇಕೆಂದು ವಿಧಿಸಿರುವುದರ ಹಿಂದೆ ಇದೇ ವಿವೇಕವಿದೆ.

ತುಳುನಾಡಿನಲ್ಲಿ ಈ ವಿವೇಕಕ್ಕೆ ಹೆಚ್ಚಿನ ಬೆಲೆಯುಂಟು. ಆಷಾಢ-ಶ್ರಾವಣಗಳಲ್ಲಿ ಕರಾವಳಿಯ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 80ನ್ನು ಮೀರಿರುತ್ತದೆ. ಅದು ಶೇಕಡ 65-70ನ್ನು ದಾಟಿ ಕೆಲವು ದಿನ ನಿಂತರೆ ಬೂಷ್ಟು ಮೊಳೆಯಲು ಸಾಕು. ಓಲೆಯ ನಾರು, ಅದರ ಮೇಲಿನ ಧೂಳು, ಓದುಗರ ಕೈಯ ಬೆವರು ಇವೆಲ್ಲ ಅದಕ್ಕೆ ಆಹಾರ. ಕಂಟದಿಂದ ಕೊರೆದ ಅಕ್ಷರಗಳಲ್ಲಿ ತುಂಬಿದ ಮಸಿ ಇಂಗಾಲವಾದುದರಿಂದ ಬೂಷ್ಟಿನಿಂದ ಮಾಸುವುದಿಲ್ಲ. ಆದರೆ ಅಕ್ಷರವನ್ನು ಹೊತ್ತ ಓಲೆಯೇ ಮೆತ್ತಗಾಗಿ, ಒಂದಕ್ಕೊಂದು ಅಂಟಿ, ಬಿಡಿಸುವಾಗ ಪದರ ಕಳಚುತ್ತದೆ.

ಬಸದಿ-ಮಠಗಳ ಭಂಡಾರಗಳಿಗಿಂತ ಶ್ರಾವಕರ ಮನೆಗಳ ಕಟ್ಟುಗಳಿಗೆ ಅಪಾಯ ಹೆಚ್ಚು. ಹೊರಗೋಡೆಗೆ ತಾಗಿಸಿಟ್ಟ ಪೆಟ್ಟಿಗೆ, ನೆಲದ ಮೇಲಿನ ಸಂದೂಕ, ಸೋರುವ ಹೆಂಚಿನ ಕೆಳಗಿನ ಅಟ್ಟ ಇವು ಬೂಷ್ಟಿನ ನೆಲೆಗಳು. ಕಟ್ಟಿನಲ್ಲಿ ಬಜೆಯ ಬೇರನ್ನೂ ಬೇವಿನ ಎಲೆಯನ್ನೂ ಇಟ್ಟು ನಿಶ್ಚಿಂತರಾಗುವವರುಂಟು. ಅವು ಹುಳುಗಳನ್ನು ದೂರವಿಡಬಲ್ಲವು, ತೇವವನ್ನು ತಡೆಯಲಾರವು. ಸರಿಯಾಗಿ ಒಣಗದ ಎಲೆಯಂತೂ ತಾನೇ ತೇವವನ್ನು ತರುತ್ತದೆ. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು, ನೆಲದಿಂದ ಒಂದು ಮೊಳ ಅಂತರದಲ್ಲಿರಿಸಿ, ಕಟ್ಟನ್ನು ಎರಡು ಹಲಗೆಗಳ ನಡುವೆ ಬಿಗಿಯಾಗಿ ಬಂಧಿಸಿ, ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿಡುವುದು ಲೇಸು.

ಬೂಷ್ಟು ಈಗಾಗಲೇ ಹಿಡಿದಿದ್ದರೆ ಆ ಕಟ್ಟನ್ನು ಮೊದಲು ಬೇರ್ಪಡಿಸಬೇಕು. ಒದ್ದೆಯಿರುವಾಗ ಒರೆಸಿದರೆ ಬೂಷ್ಟು ಓಲೆಯುದ್ದಕ್ಕೂ ಹರಡುತ್ತದೆ. ಬಿಸಿಲಿಗಿಟ್ಟರೆ ಓಲೆ ಸೆಟೆದು ಸೀಳುತ್ತದೆ. ನೆರಳಿನಲ್ಲಿ, ಗಾಳಿಯಾಡುವೆಡೆ ಒಣಗಿಸಿ, ಅನಂತರ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೃದುವಾದ ಕುಂಚದಿಂದ ಹೊರಮುಖವಾಗಿ ತೆಗೆಯಬೇಕು. ಅಂಟಿದ ಗರಿಗಳನ್ನು ಬಲದಿಂದ ಬಿಡಿಸದೆ ತಜ್ಞರಿಗೆ ಒಪ್ಪಿಸಬೇಕು. ಬಿಗಿ ಕಳೆದುಕೊಂಡ ಓಲೆಗೆ ಮಜ್ಜಿಗೆಹುಲ್ಲಿನ ಎಣ್ಣೆಯ ತೆಳುಲೇಪ ಸಲ್ಲುತ್ತದೆ. ಆದರೆ ಮಸಿಯಿಂದ ಮೇಲೆ ಬರೆದ ಓಲೆಗೂ ವರ್ಣಚಿತ್ರವಿರುವ ಓಲೆಗೂ ಅದನ್ನು ಮುಟ್ಟಿಸಲಾಗದು.

ತಿಥಿಯ ವಿಷಯದಲ್ಲಿಯೂ ಒಂದು ಮಾತು ಅವಶ್ಯ. ಕರಾವಳಿಯಲ್ಲಿ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಇಳಿಯುತ್ತದೆ. ಶ್ರುತಪಂಚಮಿ 2023ರಲ್ಲಿ ಮೇ 24ಕ್ಕೆ ಬಂದರೆ 2024ರಲ್ಲಿ ಜೂನ್ 11ಕ್ಕೆ ಬಂದಿತು. ಮಳೆ ಹಿಡಿದ ಮೇಲೆ ಕಟ್ಟು ಬಿಚ್ಚಿದರೆ ರಕ್ಷಣೆಯ ದಿನವೇ ತೇವ ಒಳಹೊಗುವ ದಿನವಾದೀತು. ಅಂತಹ ವರ್ಷಗಳಲ್ಲಿ ಶೋಧನಕಾರ್ಯವನ್ನು ವೈಶಾಖದಲ್ಲಿಯೇ ಮುಗಿಸಿ, ಪಂಚಮಿಯಂದು ಕಟ್ಟಿದ ಗ್ರಂಥಕ್ಕೇ ಪೂಜೆ ಸಲ್ಲಿಸುವುದು ಯುಕ್ತ. ಕಾರ್ತಿಕದಲ್ಲಿ ಮತ್ತೊಮ್ಮೆ ಬಿಚ್ಚಿ ನೋಡುವ ಪದ್ಧತಿಯನ್ನು ದಿಗಂಬರ ಗೃಹಗಳೂ ಸ್ವೀಕರಿಸಿದರೆ ಮಳೆಗಾಲದಲ್ಲಿ ಮೊಳೆತ ದೋಷ ಮುಂದಿನ ಮಳೆಯವರೆಗೆ ಬೆಳೆಯದು.

ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ಪ್ರತಿಲಿಪಿಕಾರ್ಯ 19ನೆಯ ಶತಮಾನದ ಕೊನೆಯಲ್ಲಿ ಆರಂಭವಾದುದರಿಂದಲೇ ಧವಲಾ ಟೀಕೆ 1939ರಿಂದ ಮುದ್ರಣದಲ್ಲಿ ಲೋಕಕ್ಕೆ ದೊರೆಯಿತು. ಮಹಾಬಂಧದ ಓಲೆಗಳಲ್ಲಿ ತ್ರುಟಿತವಾದ ಎಡೆಗಳಾದರೋ ಮುದ್ರಿತ ಪಾಠದಲ್ಲಿಯೂ ಬರಿದಾಗಿಯೇ ಉಳಿದಿವೆ. ಪ್ರತಿಯೆತ್ತುವವನು ಬರುವವರೆಗೆ ಓಲೆ ಉಳಿದಿರಬೇಕು. ಅದನ್ನು ಉಳಿಸುವ ಭಾರ ವರ್ಷಕ್ಕೆ ಎರಡು ಬಾರಿ ಕಟ್ಟು ಬಿಚ್ಚಿ ನೋಡುವ ಮನೆಯವರ ಮೇಲಿದೆ.