ಕರಿಕಾಡಿನ ಬಿಸಿನೀರು ಯಾರ ಸೊತ್ತು?

ಹೆರ್ಮನ್ ಗುಂಡರ್ಟ್ ಎಂಬ ಹೆಸರು ನಮ್ಮ ಕಾಸರಗೋಡಿನ ಮಕ್ಕಳಿಗೆ ಹೊಸತಲ್ಲ. ಮಲಯಾಳ ನಿಘಂಟು ಎಂದ ಕೂಡಲೇ ನೆನಪಿಗೆ ಬರುವ ಹೆಸರು ಅದು. ತಲಶ್ಶೇರಿಯಲ್ಲಿ ಇಪ್ಪತ್ತು ವರ್ಷದಷ್ಟು ಕಾಲ ಕೆಲಸ ಮಾಡಿದ ಅವರು 1859ರಲ್ಲಿ ಜರ್ಮನಿಗೆ ಮರಳಿದರು. ಅವರ ಗೆಳೆಯ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದವರು. ಕನ್ನಡಕ್ಕೆ 1894ರಲ್ಲಿ ದೊಡ್ಡ ನಿಘಂಟನ್ನು ಕೊಟ್ಟ ಕಿಟೆಲ್ ಕೊನೆಯ ದಿನಗಳನ್ನು ಕಳೆದದ್ದು ಜರ್ಮನಿಯ ಟ್ಯೂಬಿಂಗನ್ ಊರಿನಲ್ಲಿ. ಇವರೆಲ್ಲ ನಮ್ಮ ಊರಿಗೆ ಬಂದು ಏನು ಮಾಡಿದರು ಎಂದು ನಾವು ಓದುತ್ತೇವೆ. ಅವರು ಮರಳಿ ಹೋದ ಊರು ಹೇಗಿತ್ತು ಎಂದು ಕೇಳುವವರು ಕಡಿಮೆ.

ಗುಂಡರ್ಟ್ ಹೋಗಿ ನೆಲೆಸಿದ ಊರು ಕಾಲ್ವ್. ನಾಗೋಲ್ಡ್ ಎಂಬ ನದಿಯ ದಂಡೆಯ ಪುಟ್ಟ ಪೇಟೆ ಅದು. ಮಲಯಾಳ ನಿಘಂಟಿನ ಕೆಲಸವನ್ನು ಅವರು ಪೂರೈಸಿದ್ದು ಅಲ್ಲಿಯೇ. 1872ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು. 1877ರಲ್ಲಿ ಅದೇ ಕಾಲ್ವ್‌ನಲ್ಲಿ ಅವರ ಮೊಮ್ಮಗ ಹುಟ್ಟಿದ. ಮುಂದೆ 1946ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕಾದಂಬರಿಕಾರ ಹೆರ್ಮನ್ ಹೆಸ್ಸೆ ಆತನೇ. ಹೆಸ್ಸೆಯ ತಾಯಿ ಹುಟ್ಟಿದ್ದು ನಮ್ಮ ತಲಶ್ಶೇರಿಯಲ್ಲಿ!

ಕಾಲ್ವ್ ಇರುವುದು ಶ್ವಾರ್ಟ್ಸ್‌ವಾಲ್ಡ್ ಎಂಬ ಬೆಟ್ಟಗಾಡಿನಲ್ಲಿ. ಶ್ವಾರ್ಟ್ಸ್ ಎಂದರೆ ಕಪ್ಪು, ವಾಲ್ಡ್ ಎಂದರೆ ಕಾಡು. ನಾವು ಕರಿಕಾಡು ಎನ್ನೋಣ. ಕಾಲ್ವ್‌ನಿಂದ ಪಶ್ಚಿಮಕ್ಕೆ ಬೆಟ್ಟ ದಾಟಿದರೆ ಬಾಡ್ ವಿಲ್ಡ್‌ಬಾಡ್. ಇನ್ನೂ ಪಶ್ಚಿಮಕ್ಕೆ ಹೋದರೆ ಬಾಡೆನ್-ಬಾಡೆನ್. ಎರಡೂ ಬಿಸಿನೀರ ಬುಗ್ಗೆಗಳ ಊರುಗಳು. ಮಕ್ಕಳೇ, ಈ 'ಬಾಡ್' ಇಂಗ್ಲಿಷಿನ 'ಕೆಟ್ಟದ್ದು' ಅಲ್ಲ. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಸ್ನಾನ. ಈ ಎರಡು ಊರುಗಳ ಉದ್ಯಾನಗಳನ್ನೂ ಸುತ್ತಲಿನ ಕಾಡನ್ನೂ ನೋಡಲು ಜಗತ್ತಿನ ಎಲ್ಲ ಕಡೆಯಿಂದ ಜನ ಹೋಗುತ್ತಾರೆ. ಹೂವು, ಕಾರಂಜಿ, ಸಾಲುಮರ ಎಲ್ಲವೂ ಚಂದವೇ. ಆದರೆ ಚರಿತ್ರೆಯ ಪಾಠಕ್ಕೆ ಬೇಕಾದದ್ದು ಇನ್ನೊಂದು ಪ್ರಶ್ನೆ. ಭೂಮಿ ಪುಕ್ಕಟೆ ಕೊಟ್ಟ ಈ ನೀರು ಯಾರ ಪಾಲಿಗೆ ಬಂತು? ಯಾರು ಹೊರಗೆ ಉಳಿದರು?

ನೀರು ಬಿಸಿಯಾಗುವುದು ಹೇಗೆ?

ಕರಿಕಾಡಿನ ಬೆಟ್ಟಗಳ ಮೇಲೆ ಬಿದ್ದ ಮಳೆನೀರು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ. ಸಾಮಾನ್ಯವಾಗಿ 100 ಮೀಟರ್ ಕೆಳಗೆ ಹೋದಂತೆ ಭೂಮಿಯ ಶಾಖ ಸುಮಾರು 3 ಡಿಗ್ರಿ ಹೆಚ್ಚುತ್ತದೆ. ಬಹಳ ಆಳಕ್ಕೆ ಇಳಿದ ನೀರು ಕಾದು, ದಾರಿಯಲ್ಲಿ ಕಲ್ಲಿನ ಲವಣಗಳನ್ನು ಕರಗಿಸಿಕೊಂಡು, ದೊಡ್ಡ ಬಿರುಕು ಸಿಕ್ಕಿದಲ್ಲಿ ಮೇಲಕ್ಕೆ ಏರಿ ಬರುತ್ತದೆ. ಬಾಡೆನ್-ಬಾಡೆನ್ ಇರುವುದು ರೈನ್ ನದಿಯ ಬಯಲು ತಗ್ಗಾಗಿ ಕುಸಿದ ಕಡೆ, ಬೆಟ್ಟದ ಅಂಚಿನಲ್ಲಿ. ಅಲ್ಲಿ ಹತ್ತಕ್ಕೂ ಹೆಚ್ಚು ಬುಗ್ಗೆಗಳಿವೆ. ದಿನಕ್ಕೆ ಸುಮಾರು 8 ಲಕ್ಷ ಲೀಟರ್ ನೀರು ಬರುತ್ತದೆ. ಅತಿ ಬಿಸಿಯಾದ ಬುಗ್ಗೆಯಲ್ಲಿ ಶಾಖ 68 ಡಿಗ್ರಿಯವರೆಗೆ ಇದೆ. ಕೈ ಹಾಕಿದರೆ ಸುಡುತ್ತದೆ! ವಿಲ್ಡ್‌ಬಾಡಿನ ನೀರು ಅಷ್ಟು ಬಿಸಿಯಲ್ಲ. ಅದು ಹೆಚ್ಚುಕಡಿಮೆ ನಮ್ಮ ಮೈಶಾಖಕ್ಕೆ ಹತ್ತಿರ.

ರೋಮನರಿಂದ ಅರಸರವರೆಗೆ

ಈ ನೀರಿಗೆ ಮೊದಲು ಕಲ್ಲಿನ ಕಟ್ಟೆ ಕಟ್ಟಿದವರು ರೋಮನರು. ಬಾಡೆನ್-ಬಾಡೆನನ್ನು ಅವರು 'ಅಕ್ವೇ' ಎಂದರು. ಎಂದರೆ ನೀರುಗಳು, ಅಷ್ಟೆ. ಸೈನಿಕರಿಗೆ ಕಟ್ಟಿದ ಸ್ನಾನಗೃಹದ ಅವಶೇಷಗಳು ಇಂದಿಗೂ ನೆಲದಡಿಯಲ್ಲಿ ಇವೆ. ನೆಲದ ಅಡಿಯಿಂದ ಬಿಸಿಗಾಳಿ ಹಾಯಿಸಿ ಕೋಣೆಯನ್ನು ಬೆಚ್ಚಗಿಡುವ ಅವರ ಏರ್ಪಾಡನ್ನು ಅಲ್ಲಿ ಕಾಣಬಹುದು. 3ನೇ ಶತಮಾನದ ಆರಂಭದಲ್ಲಿ ರೋಮನ್ ಚಕ್ರವರ್ತಿ ಕಾರಕಲ್ಲ ಈ ಸ್ನಾನಗೃಹಗಳನ್ನು ದೊಡ್ಡದು ಮಾಡಿಸಿದ. 1985ರಲ್ಲಿ ತೆರೆದ ಹೊಸ ಸ್ನಾನಗೃಹಕ್ಕೆ ಆತನ ಹೆಸರೇ ಇದೆ.

ರೋಮನರ ನಂತರ ಈ ನೆಲ ಸಣ್ಣಪುಟ್ಟ ಅರಸರ ಕೈಗೆ ಬಂತು. ಪಶ್ಚಿಮದ ಸೀಮೆ ಬಾಡೆನ್, ಪೂರ್ವದ ಸೀಮೆ ವ್ಯುರ್ಟೆಂಬೆರ್ಗ್. ಬಾಡೆನ್-ಬಾಡೆನ್ ಒಂದರಲ್ಲಿ, ವಿಲ್ಡ್‌ಬಾಡ್ ಮತ್ತು ಕಾಲ್ವ್ ಇನ್ನೊಂದರಲ್ಲಿ. ಒಂದೇ ಕಾಡು, ನಡುವೆ ಗಡಿ! ಗಡಿನಾಡಿನ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಎರಡು ಸೀಮೆಗಳು ಒಂದಾಗಿ ಬಾಡೆನ್-ವ್ಯುರ್ಟೆಂಬೆರ್ಗ್ ಎಂಬ ಒಂದೇ ರಾಜ್ಯವಾದದ್ದು 1952ರಲ್ಲಿ.

ಅರಸರಿಗೂ ಬಿಸಿನೀರಿನ ಆಸೆ ಇತ್ತು. 1367ರಲ್ಲಿ ವ್ಯುರ್ಟೆಂಬೆರ್ಗಿನ ದೊರೆ ಎಬರ್ಹಾರ್ಡ್ ವಿಲ್ಡ್‌ಬಾಡಿನಲ್ಲಿ ಸ್ನಾನಕ್ಕೆಂದು ಇದ್ದಾಗ ವೈರಿಗಳು ಅವನ ಮೇಲೆ ಬಿದ್ದರು. ಅವನು ತಪ್ಪಿಸಿಕೊಂಡ. ಬೆಟ್ಟದ ಗುಟ್ಟಿನ ದಾರಿ ತೋರಿಸಿ ಅವನನ್ನು ಉಳಿಸಿದವನು ಒಬ್ಬ ಕುರುಬ ಎಂದು ಐತಿಹ್ಯ ಹೇಳುತ್ತದೆ. ದೊರೆಯ ಹೆಸರು ಚರಿತ್ರೆಯಲ್ಲಿ ಉಳಿಯಿತು, ಕುರುಬನದ್ದು ಕತೆಯಲ್ಲಿ ಮಾತ್ರ.

ಬಾಡೆನ್-ಬಾಡೆನ್ ಊರನ್ನು 1689ರ ಯುದ್ಧದಲ್ಲಿ ಫ್ರೆಂಚ್ ಸೈನ್ಯ ಸುಟ್ಟುಹಾಕಿತು. ಅರಸರು ರಾಜಧಾನಿಯನ್ನೇ ಬೇರೆ ಊರಿಗೆ ಸಾಗಿಸಿದರು. ನೂರಕ್ಕೂ ಹೆಚ್ಚು ವರ್ಷ ಅದು ಮಂಕಾಗಿಯೇ ಇತ್ತು.

ಜೂಜಿನ ಹಣದ ಉದ್ಯಾನ

ಊರು ಮತ್ತೆ ಎದ್ದದ್ದು 19ನೇ ಶತಮಾನದಲ್ಲಿ. ಫ್ರೀಡ್ರಿಚ್ ವೈನ್‌ಬ್ರೆನರ್ ಎಂಬ ಶಿಲ್ಪಿ 1824ರ ಹೊತ್ತಿಗೆ ಬಿಳಿ ಕಂಬಗಳ ಕೂರ್‌ಹೌಸ್ ಕಟ್ಟಿಸಿದ. 'ಕೂರ್' ಎಂದರೆ ಆರೈಕೆ, ಚಿಕಿತ್ಸೆ. ಅತಿಥಿಗಳು ಸೇರುವ, ಸಂಗೀತ ಕೇಳುವ ಭವನ ಅದು. ಅದರ ಪಕ್ಕದಲ್ಲಿ 1842ರಲ್ಲಿ ನೀರು ಕುಡಿಯುವ ಮಂಟಪ ತಲೆಯೆತ್ತಿತು. 16 ಕಂಬಗಳ ಉದ್ದ ಜಗಲಿ, ಗೋಡೆಯ ಮೇಲೆ ಆ ಸೀಮೆಯ ಐತಿಹ್ಯಗಳ 14 ಚಿತ್ರಗಳು. ಬೆಳಿಗ್ಗೆ ಲೋಟದಲ್ಲಿ ಬುಗ್ಗೆಯ ನೀರು ಹಿಡಿದು, ನಿಧಾನವಾಗಿ ಕುಡಿಯುತ್ತಾ ನಡೆದಾಡುವುದು ಆಗಿನ ವೈದ್ಯರ ಸಲಹೆ. ನಡೆದಾಡಲು ನೆರಳು ಬೇಕು, ಸಮತಟ್ಟು ದಾರಿ ಬೇಕು. ಕೂರ್‌ಪಾರ್ಕ್ ಎಂಬ ಉದ್ಯಾನ ಹುಟ್ಟಿದ್ದು ಈ ಅಗತ್ಯದಿಂದ. ಅಂದರೆ ಈ ಉದ್ಯಾನ ಔಷಧದ ಒಂದು ಭಾಗವೇ ಆಗಿತ್ತು.

ಆದರೆ ಹಣ ಎಲ್ಲಿಂದ ಬಂತು? 1837ರ ಕೊನೆಗೆ ಪ್ಯಾರಿಸ್‌ನಲ್ಲಿ ಜೂಜಿನ ಮನೆಗಳಿಗೆ ಬೀಗ ಬಿತ್ತು. ಅಲ್ಲಿ ಜೂಜಿನ ಮನೆ ನಡೆಸುತ್ತಿದ್ದ ಜಾಕ್ ಬೆನಾಜೆ 1838ರಲ್ಲಿ ಬಾಡೆನ್-ಬಾಡೆನಿನ ಜೂಜಿನ ಗುತ್ತಿಗೆ ಹಿಡಿದ. ಅವನ ನಂತರ ಮಗ ಎದುವಾರ್ ಅದನ್ನು ಮುಂದುವರಿಸಿದ. ಸೋತವರ ಹಣದಲ್ಲಿ ಊರು ಮಿಂಚಿತು. 1858ರಲ್ಲಿ ಹತ್ತಿರದ ಇಫೆಟ್ಸ್‌ಹೈಮಿನಲ್ಲಿ ಕುದುರೆ ಓಟ, 1862ರಲ್ಲಿ ನಾಟಕಶಾಲೆ. ಓಸ್ ಎಂಬ ಸಣ್ಣ ಹೊಳೆಯ ದಂಡೆಯಲ್ಲಿದ್ದ ಹಳೆಯ ಸಾಲುಮರದ ದಾರಿ ದೇಶವಿದೇಶಗಳ ಗಿಡಮರಗಳ ಉದ್ಯಾನವಾಯಿತು. ಇದೇ ಲಿಚ್ಟೆನ್‌ಟಾಲರ್ ಆಲೆ, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ. ಅದರ ತುದಿಯಲ್ಲಿ 1245ರಲ್ಲಿ ಸ್ಥಾಪನೆಯಾದ ಸನ್ಯಾಸಿನಿಯರ ಮಠ ಇದೆ. ಒಂದು ತುದಿಯಲ್ಲಿ ಜೂಜು, ಇನ್ನೊಂದು ತುದಿಯಲ್ಲಿ ಜಪ!

ರೈಲು ದಾರಿ 1845ರಲ್ಲಿ ಊರೊಳಗೆ ಬಂದಿತ್ತು. ಯುರೋಪಿನ ಅರಸರು, ಲೇಖಕರು, ಸಂಗೀತಗಾರರು ಎಲ್ಲ ಬಂದರು. ರಷ್ಯದ ತುರ್ಗೆನೆವ್ ಇಲ್ಲಿ ಮನೆ ಮಾಡಿದ. ಅವನ 'ಹೊಗೆ' ಕಾದಂಬರಿ ನಡೆಯುವುದು ಈ ಊರಿನಲ್ಲೇ. ದೊಸ್ತೊಯೆವ್‌ಸ್ಕಿ 1867ರಲ್ಲಿ ಇಲ್ಲಿ ಜೂಜಾಡಿ ಕೈ ಬರಿದು ಮಾಡಿಕೊಂಡ. 1861ರಲ್ಲಿ ಇದೇ ಸಾಲುಮರದ ದಾರಿಯಲ್ಲಿ ನಡೆಯುತ್ತಿದ್ದ ಪ್ರಷ್ಯದ ದೊರೆ ವಿಲ್ಹೆಲ್ಮನ ಮೇಲೆ ಒಬ್ಬ ವಿದ್ಯಾರ್ಥಿ ಗುಂಡು ಹಾರಿಸಿದ. ದೊರೆಗೆ ಸಣ್ಣ ಗಾಯ ಮಾತ್ರ ಆಯಿತು.

1872ರ ಕೊನೆಗೆ ಜರ್ಮನಿಯಲ್ಲಿ ಜೂಜಿನ ಮನೆಗಳು ಮುಚ್ಚಿದವು. ಊರು ಮತ್ತೆ ನೀರಿನ ಕಡೆಗೇ ತಿರುಗಬೇಕಾಯಿತು. 1877ರಲ್ಲಿ ತೆರೆದ ಫ್ರೀಡ್ರಿಚ್ಸ್‌ಬಾಡ್ ಎಂಬ ಅರಮನೆಯಂಥ ಸ್ನಾನಗೃಹ ಆ ಕಾಲದ್ದು. ವಿಲ್ಡ್‌ಬಾಡಿಗೂ 1868ರಲ್ಲಿ ರೈಲು ಬಂದಿತ್ತು. ಎನ್ಟ್ಸ್ ನದಿಯ ಎರಡೂ ಬದಿಗೆ ಹರಡಿದ ಅಲ್ಲಿನ ಉದ್ಯಾನ ಬಾಡೆನ್-ಬಾಡೆನಿನಷ್ಟು ವೈಭವದ್ದಲ್ಲ, ಆದರೆ ಹೆಚ್ಚು ತಣ್ಣಗಿನದು. ಇಟಲಿಯ ಸಂಗೀತಗಾರ ರೊಸ್ಸೀನಿ 1856ರಲ್ಲಿ ಅಲ್ಲಿಗೆ ಚಿಕಿತ್ಸೆಗೆಂದು ಬಂದಿದ್ದ.

ಉದ್ಯಾನದ ಊರಿನಲ್ಲಿ ಒಂದು ನವೆಂಬರ್

ಇಲ್ಲಿಯವರೆಗಿನ ಕತೆ ಪ್ರವಾಸಿ ಕೈಪಿಡಿಗಳಲ್ಲೂ ಸಿಗುತ್ತದೆ. ಮುಂದಿನದನ್ನು ಶಿಕ್ಷಕರಾದ ನಾವು ಬಿಡಬಾರದು.

ಬಾಡೆನ್-ಬಾಡೆನಿನಲ್ಲಿ ಯಹೂದಿಗಳು ಅತಿಥಿಗಳಾಗಿಯೂ ಊರವರಾಗಿಯೂ ಇದ್ದರು. 1899ರಲ್ಲಿ ಅವರ ಪ್ರಾರ್ಥನಾ ಮಂದಿರ ಕಟ್ಟಲ್ಪಟ್ಟಿತ್ತು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಅದೇ ವರ್ಷ ಜೂಜಿನ ಮನೆ ಮತ್ತೆ ತೆರೆಯಿತು. ಒಂದು ಬಾಗಿಲು ತೆರೆಯಿತು, ಇನ್ನೊಂದು ಮುಚ್ಚುತ್ತಾ ಹೋಯಿತು. 1938ರ ನವೆಂಬರ್ 10ರಂದು ಊರಿನ ಯಹೂದಿ ಗಂಡಸರನ್ನು ಹಿಡಿದು, ಹಗಲು ಬೆಳಕಿನಲ್ಲಿ ಬೀದಿಬೀದಿಗಳಲ್ಲಿ ಮೆರವಣಿಗೆ ಮಾಡಿಸಲಾಯಿತು. ಇಕ್ಕೆಲಗಳಲ್ಲಿ ಜನ ನಿಂತು ನೋಡುತ್ತಿದ್ದರು. ಆ ಫೋಟೋಗಳು ಉಳಿದಿವೆ. ಒಂದರಲ್ಲಿ 'ದೇವರು ನಮ್ಮನ್ನು ಕೈಬಿಡುವುದಿಲ್ಲ' ಎಂಬ ಅರ್ಥದ ಫಲಕವನ್ನು ಅಣಕಕ್ಕಾಗಿ ಅವರ ಕೈಗೇ ಕೊಟ್ಟು ಹೊರಿಸಿದ್ದಾರೆ. ಪ್ರಾರ್ಥನಾ ಮಂದಿರದೊಳಗೆ ಅವರಲ್ಲಿ ಒಬ್ಬನಿಂದ ಹಿಟ್ಲರನ ಪುಸ್ತಕವನ್ನು ಗಟ್ಟಿಯಾಗಿ ಓದಿಸಿದರು. ಆತನ ಹೆಸರು ಆರ್ಥರ್ ಫ್ಲೆಹಿಂಗರ್. ವೃತ್ತಿಯಲ್ಲಿ ಶಾಲಾ ಶಿಕ್ಷಕ. ಆಮೇಲೆ ಮಂದಿರಕ್ಕೆ ಬೆಂಕಿ ಇಟ್ಟರು, ಗಂಡಸರನ್ನು ದಾಖಾವ್ ಸೆರೆಶಿಬಿರಕ್ಕೆ ಕಳಿಸಿದರು. ಫ್ಲೆಹಿಂಗರ್ ಬದುಕುಳಿದು ಇಂಗ್ಲೆಂಡಿಗೆ ಹೋಗಿ, ನಡೆದದ್ದನ್ನು ಬರೆದಿಟ್ಟರು. 1940ರ ಅಕ್ಟೋಬರ್ 22ರಂದು ಬಾಡೆನ್ ಮತ್ತು ನೆರೆಯ ಸೀಮೆಯಿಂದ 6,500ಕ್ಕೂ ಹೆಚ್ಚು ಯಹೂದಿಗಳನ್ನು ಫ್ರಾನ್ಸಿನ ದಕ್ಷಿಣದ ಗುರ್ಸ್ ಶಿಬಿರಕ್ಕೆ ಸಾಗಿಸಲಾಯಿತು.

ಯುದ್ಧದಲ್ಲಿ ಬಾಡೆನ್-ಬಾಡೆನಿನ ಕಟ್ಟಡಗಳಿಗೆ ಹೆಚ್ಚು ಹಾನಿಯಾಗಲಿಲ್ಲ. ಆದ್ದರಿಂದಲೇ ಇಂದು ಅದು ಅಷ್ಟು ಚಂದ ಕಾಣುತ್ತದೆ. ಕಟ್ಟಡ ಉಳಿದರೆ ಚರಿತ್ರೆಯೂ ಶುದ್ಧವಾಗಿ ಉಳಿಯಿತು ಎಂದು ಅರ್ಥವಲ್ಲ.

ಕಾಡೂ ನೆಟ್ಟದ್ದೇ

ಉದ್ಯಾನ ಮನುಷ್ಯ ಮಾಡಿದ್ದು, ಕಾಡು ಪ್ರಕೃತಿಯದ್ದು ಎಂದು ನಾವು ಹೇಳುತ್ತೇವೆ. ಕರಿಕಾಡಿನಲ್ಲಿ ಈ ಮಾತು ಅಷ್ಟು ಸುಲಭವಲ್ಲ. ಅಲ್ಲಿಯ ದೊಡ್ಡ ಮರಗಳನ್ನು ಕಡಿದು, ತೆಪ್ಪ ಕಟ್ಟಿ, ಎನ್ಟ್ಸ್ ಮತ್ತು ನಾಗೋಲ್ಡ್ ನದಿಗಳಲ್ಲಿ ತೇಲಿಬಿಟ್ಟು ರೈನ್ ಮೂಲಕ ಹಾಲೆಂಡಿನವರೆಗೆ ಸಾಗಿಸುತ್ತಿದ್ದರು. ಹಡಗು ಕಟ್ಟಲು, ಕಟ್ಟಡದ ಅಡಿಪಾಯಕ್ಕೆ ಆ ಮರ ಬೇಕಿತ್ತು. 19ನೇ ಶತಮಾನದ ಹೊತ್ತಿಗೆ ಎಷ್ಟೋ ಬೆಟ್ಟ ಬೋಳಾಗಿತ್ತು. ಆಮೇಲೆ ಬೇಗ ಬೆಳೆಯುವ ಸ್ಪ್ರೂಸ್ ಮರಗಳನ್ನು ಸಾಲಾಗಿ ನೆಟ್ಟರು. ನಾವು ಚಿತ್ರಗಳಲ್ಲಿ ನೋಡುವ ಕಡುಹಸಿರು ಕಾಡಿನ ಬಹುಪಾಲು ಹೀಗೆ ನೆಟ್ಟದ್ದೇ. 1999ರ ಡಿಸೆಂಬರ್ 26ರಂದು ಬೀಸಿದ ಲೋಥರ್ ಬಿರುಗಾಳಿಗೆ ಆ ಮರಗಳು ಬೆಂಕಿಕಡ್ಡಿಯಂತೆ ಮುರಿದುಬಿದ್ದವು. ಒಂದು ಕಡೆ ಬಿದ್ದ ಮರಗಳನ್ನು ಹಾಗೇ ಬಿಟ್ಟು, ನಡುವೆ ಏಣಿ ಮತ್ತು ಹಲಗೆಯ ಕಾಲುದಾರಿ ಮಾಡಿದ್ದಾರೆ. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.

2014ರ ಜನವರಿ 1ರಂದು ಇಲ್ಲಿ ಸುಮಾರು 100 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ ಶುರುವಾಯಿತು. ಅದಕ್ಕೆ ಹಿಂದಿನ ವರ್ಷ ಏಳು ಗ್ರಾಮ-ಪಟ್ಟಣಗಳಲ್ಲಿ ಜನರ ಅಭಿಪ್ರಾಯ ಕೇಳಿದಾಗ ಬೇಡ ಎಂದವರೇ ಹೆಚ್ಚು. ಮರದ ಕೆಲಸ ಹೋದೀತು, ಕೀಟ ಹರಡೀತು ಎಂಬ ಭಯ ಅವರದ್ದು. ಆದರೂ ರಾಜ್ಯದ ಶಾಸನಸಭೆ ಕಾನೂನು ಮಾಡಿತು. ಕಾಡು ಯಾರದ್ದು? ಹತ್ತಿರ ಬದುಕುವವರದ್ದೋ, ದೂರದಿಂದ ನೋಡಬಯಸುವವರದ್ದೋ? ಈ ಪ್ರಶ್ನೆ ಅಲ್ಲೂ ಇದೆ, ಎಲ್ಲೆಡೆಯೂ ಇದೆ.

ನೋಡಲು ಹೋಗುವವರಿಗೆ ಇಷ್ಟು ಹೇಳಬಹುದು. ಬಾಡೆನ್-ಬಾಡೆನಿನ ಮೇಲೆ 668 ಮೀಟರ್ ಎತ್ತರದ ಮೆರ್ಕೂರ್ ಬೆಟ್ಟಕ್ಕೆ 1913ರಿಂದ ಹಗ್ಗದ ರೈಲು ಇದೆ. ರೋಮನರು ಮರ್ಕ್ಯುರಿ ದೇವರಿಗೆ ಒಪ್ಪಿಸಿದ ಕಲ್ಲು ಸಿಕ್ಕಿದ್ದರಿಂದ ಆ ಹೆಸರು. ವಿಲ್ಡ್‌ಬಾಡಿನಲ್ಲೂ 1908ರ ಹಗ್ಗದ ರೈಲು, ಮರಗಳ ತುದಿಯ ಎತ್ತರದಲ್ಲಿ ನಡೆಯುವ ದಾರಿ, 380 ಮೀಟರ್ ಉದ್ದದ ತೂಗುಸೇತುವೆ ಇವೆ. ದಕ್ಷಿಣಕ್ಕೆ ಮುಮ್ಮೆಲ್ಸೇ ಎಂಬ ಕಪ್ಪು ಕೆರೆ, ಇನ್ನೂ ದಕ್ಷಿಣಕ್ಕೆ ಟ್ರಿಬೆರ್ಗಿನಲ್ಲಿ ಒಟ್ಟು 163 ಮೀಟರ್ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಜಲಪಾತ.

ಬಾಗಿಲು ತೆರೆದ ಬಗೆ

ಹಾಗಾದರೆ ಸಾಮಾನ್ಯ ಜನರಿಗೆ ಈ ಆರೈಕೆ ಯಾವಾಗ ಸಿಕ್ಕಿತು? ಯಾವ ಅರಸನೂ ಒಂದು ದಿನ ಬಾಗಿಲು ತೆರೆದುಬಿಡಲಿಲ್ಲ. ಜರ್ಮನಿಯಲ್ಲಿ 1883ರಲ್ಲಿ ಕಾರ್ಮಿಕರ ಆರೋಗ್ಯ ವಿಮೆಯ ಕಾನೂನು, 1889ರಲ್ಲಿ ಅಂಗವಿಕಲತೆ ಮತ್ತು ಮುಪ್ಪಿನ ವಿಮೆಯ ಕಾನೂನು ಬಂತು. ನಿಧಾನವಾಗಿ, ದುಡಿದು ಬಳಲಿದವನನ್ನು ಆರೈಕೆಗೆ ಕಳಿಸುವುದು ವಿಮೆಯ ಕೆಲಸವಾಯಿತು. ಎರಡನೇ ಮಹಾಯುದ್ಧದ ನಂತರ ಲಕ್ಷಗಟ್ಟಲೆ ಕಾರ್ಮಿಕರು, ಗೃಹಿಣಿಯರು ವಿಮೆಯ ಖರ್ಚಿನಲ್ಲಿ ಬಾಡ್ ಊರುಗಳಿಗೆ ಬಂದರು. ದೊರೆಗಳ ಸಾಲುಮರದ ಕೆಳಗೆ ಗಿರಣಿಯ ಕೆಲಸಗಾರ ನಡೆದಾಡಿದ. 1990ರ ದಶಕದಲ್ಲಿ ಸರಕಾರ ಆ ಖರ್ಚನ್ನು ಕಡಿತ ಮಾಡಿದಾಗ ಇಂಥ ಊರುಗಳು ಕಂಗಾಲಾದವು.

2021ರಲ್ಲಿ ಯುನೆಸ್ಕೋ ಯುರೋಪಿನ ಹನ್ನೊಂದು ಬಿಸಿನೀರ ಊರುಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾಡೆನ್-ಬಾಡೆನ್ ಅವುಗಳಲ್ಲಿ ಒಂದು. ಲಿಚ್ಟೆನ್‌ಟಾಲರ್ ಆಲೆಯಲ್ಲಿ ಇಂದು ಯಾರು ಬೇಕಾದರೂ ಟಿಕೆಟ್ ಇಲ್ಲದೆ ನಡೆಯಬಹುದು. ಸ್ನಾನಕ್ಕೆ ಮಾತ್ರ ಹಣ ಕೊಡಬೇಕು.

ಮಕ್ಕಳೇ, ಮುಂದಿನ ಸಲ ಶಾಲೆಯಿಂದ ಯಾವುದೇ ಹಳೆಯ ಉದ್ಯಾನಕ್ಕೋ ಅರಮನೆಗೋ ಕೆರೆಗೋ ಪ್ರವಾಸ ಹೋದಾಗ ಫೋಟೋ ಖಂಡಿತ ತೆಗೆಯಿರಿ. ಜೊತೆಗೆ ಪುಸ್ತಕದಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ. ಇದನ್ನು ಯಾರ ಹಣದಲ್ಲಿ ಕಟ್ಟಿದರು? ಯಾರ ಕೈ ದುಡಿಯಿತು? ಒಳಗೆ ಬರಲು ಯಾರಿಗೆ ಬಿಡುತ್ತಿರಲಿಲ್ಲ? ಊರಿನ ಹಿರಿಯರಲ್ಲಿ ಕೇಳಿ ತಿಳಿದದ್ದನ್ನು ತರಗತಿಯಲ್ಲಿ ಓದಿ ಹೇಳಿ. ಶಿಕ್ಷಕ ಮಿತ್ರರು ಇದನ್ನು ಪ್ರಾಜೆಕ್ಟ್ ಆಗಿಯೂ ಕೊಡಬಹುದು.